‘ಸುಧಾರಣೆ ಇದೆ’ ಎಂಬ ಷರಾ ಸಾಲದು: ಉಪನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಶಿವಮೊಗ್ಗ ಇವರಿಗೆ,

ಮಾನ್ಯರೇ,

ಪ್ರತಿಯೊಬ್ಬ ವಿಕಲಚೇತನ ವಿದ್ಯಾರ್ಥಿಯ ಕಲಿಕೆಯ ಪ್ರಗತಿಯನ್ನು ಶಾಲೆ ಗಮನಿಸುತ್ತಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಹೇಳುತ್ತದೆ. ವೈಯಕ್ತಿಕ ಶಿಕ್ಷಣ ಯೋಜನೆಯ, ಅಂದರೆ ಆ ಮಗುವಿಗೆಂದೇ ಬರೆದ ಕಲಿಕೆಯ ಗುರಿಗಳ, ಹಾಳೆಯಲ್ಲಿ ‘ಸುಧಾರಣೆ ಇದೆ’ ಎಂದು ಷರಾ ಬರೆದರೆ ಆ ಕೆಲಸ ಮುಗಿಯಲಿಲ್ಲ. ಎಲ್ಲಿಂದ ಎಲ್ಲಿಗೆ ಸುಧಾರಣೆ?

ತೊಡಕು ಶುರುವಾಗುವುದೇ ಗುರಿ ಬರೆಯುವಲ್ಲಿ. ‘ಹಣ ಗುರುತಿಸುವನು’ ಎಂಬುದನ್ನು ಅಳೆಯಲಾಗದು. ‘10, 20, 50ರ ನೋಟು ಮುಂದಿಟ್ಟು ಕೇಳಿದರೆ, ಸಹಾಯವಿಲ್ಲದೆ 10ಕ್ಕೆ 8 ಸಲ ಸರಿಯಾದದ್ದನ್ನು ಕೊಡುವನು’ ಎಂದರೆ ಅಳೆಯಬಹುದು. ಕಲಿಸುವ ಮೊದಲು ಮೂರು ದಿನ ಹತ್ತತ್ತು ಸಲ ಕೇಳಿ ಬರೆದಿಡಬೇಕು. ಆಗ ದಿನವೂ 10ಕ್ಕೆ 2 ಸರಿ ಬಂತೆನ್ನಿ. 12 ವಾರಕ್ಕೆ 8 ಮುಟ್ಟಲು ವಾರಕ್ಕೆ ಅರ್ಧ ಅಂಕ ಏರಬೇಕು. ಸತತ ನಾಲ್ಕು ದಾಖಲೆ ಈ ಏರಿಕೆಯ ಗೆರೆಗಿಂತ ಕೆಳಗೆ ಬಿದ್ದರೆ, ವರ್ಷಾಂತ್ಯಕ್ಕೆ ಕಾಯದೆ ಕಲಿಸುವ ರೀತಿ ಬದಲಿಸಬೇಕು.

ಅಂಕದ ಪಕ್ಕದಲ್ಲೇ ಸಹಾಯದ ಮಟ್ಟವೂ ಇರಲಿ: ಕೈ ಹಿಡಿದು ಮಾಡಿಸಿದ್ದೋ, ಸನ್ನೆಯೋ, ಮಾತೋ, ತಾನಾಗಿ ಮಾಡಿದ್ದೋ. ಅಂಕ ತಿಂಗಳಿಡೀ 6ರಲ್ಲೇ ನಿಂತಿದ್ದರೂ, ಕೈ ಹಿಡಿಯುವುದು ತಪ್ಪಿ ಬರೀ ಮಾತು ಸಾಕಾಗಿದ್ದರೆ ಮಗು ಮುಂದೆ ಬಂದಿದೆ. ಅಂಕ ಏರಿದರೂ ನಂಬುವಂತಿಲ್ಲ. ಇಪ್ಪತ್ತರ ನೋಟನ್ನು ದಿನವೂ ಬಲಗಡೆಗೇ ಇಟ್ಟರೆ ಮಗು ಕಲಿಯುವುದು ಬಲಗಡೆಯನ್ನು. ಜಾಗ ಬದಲಿಸಿದ ದಿನ ಅಂಕ ಕುಸಿಯುತ್ತದೆ. ಹಳೆಯ 20ರ ನೋಟು ಕೆಂಪು ಛಾಯೆಯದು, ಹೊಸದು ಹಸಿರು ಮಿಶ್ರಿತ ಹಳದಿ. ಬಣ್ಣ ನೋಡಿ ಕಲಿತವನು ಸಂತೆಯಲ್ಲಿ ತಡವರಿಸುತ್ತಾನೆ. ಹಾಗಾಗಿ ಎರಡರಲ್ಲೂ, ಮಾಸಿದ ನೋಟಿನಲ್ಲೂ ಪರೀಕ್ಷಿಸಬೇಕು.

ಮಲೆನಾಡಿಗೆ ಇನ್ನೊಂದು ಕಾಲಂ ಬೇಕು. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ರಜೆ ಕೊಟ್ಟ ದಿನವೂ ಇರುತ್ತದೆ, ಹಳ್ಳ ತುಂಬಿ ಮಗು ಬಾರದ ದಿನವೂ ಇರುತ್ತದೆ. ಅಲ್ಲಿ ಸೊನ್ನೆ ಹಾಕಬಾರದು, ಖಾಲಿಯೂ ಬಿಡಬಾರದು. ‘ಮಳೆ, ಪಾಠವಿಲ್ಲ’ ಎಂದು ಬರೆಯಬೇಕು. ಇಲ್ಲದಿದ್ದರೆ ಸೆಪ್ಟೆಂಬರ್‌ನಲ್ಲಿ ಹಾಳೆ ನೋಡಿದವರಿಗೆ ಮಗು ಕಲಿಯಲಿಲ್ಲವೋ, ನಾವು ಕಲಿಸಲಿಲ್ಲವೋ ತಿಳಿಯದು. ಮರಳಿ ಬಂದ ದಿನ, ಪಾಠಕ್ಕೆ ಮುಂಚೆ, ಅದೇ ಹತ್ತು ಸಲ ಕೇಳಿ ಮರೆತದ್ದೆಷ್ಟೆಂದು ಗುರುತು ಹಾಕಿಕೊಳ್ಳಬೇಕು.

ದಯವಿಟ್ಟು ಇದಕ್ಕೊಂದು ಹೊಸ ಆ್ಯಪ್ ಬೇಡ. ಗುರಿಗೊಂದು ಹಾಳೆ, ವಾರಕ್ಕೆರಡು ಸಲ ಐದೈದು ನಿಮಿಷ ಸಾಕು. ಬಿಐಇಆರ್‌ಟಿಗಳು (ವಿಕಲಚೇತನ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು) ಶಾಲೆಯಿಂದ ಶಾಲೆಗೆ ಓಡಾಡುವವರು, ಅವರು ಬಂದ ದಿನದ ದಾಖಲೆಯೊಂದೇ ಸಾಲದು. ತರಗತಿ ಶಿಕ್ಷಕರೇ ಬರೆಯುವಂತೆ, ಅದಕ್ಕೆ ಕ್ಲಸ್ಟರ್ ಮಟ್ಟದಲ್ಲಿ ಅರ್ಧ ದಿನ ತರಬೇತಿ ಕೊಡುವಂತೆ, ತಿಂಗಳಿಗೊಮ್ಮೆ ಹಾಳೆಯ ನಕಲು ಪೋಷಕರ ಕೈಸೇರುವಂತೆ ಶಾಲೆ ಶುರುವಾಗುವ ಮುಂಚೆಯೇ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ,
ಜಿಲ್ಲೆಯ ಕೆಲವು ವಿಶೇಷ ಶಿಕ್ಷಕರು