ಯಾವ ಮಹಶೀರ್ ಅಂತ ದಯವಿಟ್ಟು ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹೊಳೆಗೆ ಮಹಶೀರ್ ಅನ್ನುವ ದೊಡ್ಡ ಮೀನಿನ ಮರಿ ಬಿಟ್ಟರು ಅನ್ನುವ ಸುದ್ದಿ ಆಗಾಗ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಎಷ್ಟು ಸಾವಿರ ಮರಿ, ಯಾವ ಸೇತುವೆ ಹತ್ತಿರ ಬಿಟ್ಟರು, ಯಾರು ಯಾರು ಬಂದಿದ್ದರು, ಎಲ್ಲ ಇರುತ್ತದೆ. ಅದು ಯಾವ ಮಹಶೀರ್ ಅನ್ನೋದು ಮಾತ್ರ ಇರುವುದಿಲ್ಲ. ಈ ಬಿಟ್ಟುಹೋದ ಒಂದು ಪದದಿಂದ ನಮ್ಮ ಕಾವೇರಿಗೆ ಎಷ್ಟು ನಷ್ಟವಾಗಿದೆ ಅಂತ ಹೇಳಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಆದರೂ ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕಾವೇರಿಯ ಡುಬ್ಬದ ಮಹಶೀರ್ ಬಗ್ಗೆ ಕನ್ನಡದಲ್ಲಿ ಒಂದು ಮಾಹಿತಿ ಲೇಖನ ಬರೆಯಲು ಕೂತೆ. ಎಲ್ಲಿರುತ್ತದೆ, ಏನು ತಿನ್ನುತ್ತದೆ, ಎಷ್ಟು ದೊಡ್ಡದಾಗುತ್ತದೆ ಅನ್ನುವ ಭಾಗ ಬೇಗ ಮುಗಿಯಿತು. ವೈಜ್ಞಾನಿಕ ಹೆಸರು ಅಂತ ಬರೆಯಬೇಕಾದ ಒಂದು ಸಾಲಿಗೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಒಂದು ಕಡೆ ಟಾರ್ ಮುಸುಳ್ಳ ಅಂತಿದೆ (ಟಾರ್ ಅಂದರೆ ಮಹಶೀರ್‌ಗಳ ಕುಲದ ಹೆಸರು), ಇನ್ನೊಂದು ಕಡೆ ಟಾರ್ ಖುದ್ರಿ, ಮತ್ತೊಂದು ಕಡೆ ಸುಮ್ನೆ ಟಾರ್ ಅಂತ ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದು ಅಂತ ಓದಿದರೇ ಗೊತ್ತಾಗುತ್ತದೆ. ಮೂಲಕ್ಕೆ ಹೋಗದೆ ಬೇರೆ ದಾರಿ ಇರಲಿಲ್ಲ.

ಈ ಮೀನು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಹೊಳೆ ದಂಡೆಯ ಜನ ಬಿಳಿಮೀನು ಅಂತ ಕರೆಯುತ್ತಾರೆ. 1870ರ ದಶಕದಲ್ಲೇ ಬ್ರಿಟಿಷ್ ಅಧಿಕಾರಿಗಳು ಇದನ್ನು ಗಾಳ ಹಾಕಿ ಹಿಡಿದ ಕಥೆ ಬರೆದಿದ್ದಾರೆ. ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತು, ಅಂದರೆ ಸುಮಾರು 54 ಕೆ.ಜಿ. ಆ ದಾಖಲೆಯನ್ನು ಇವತ್ತಿಗೂ ಹೇಳುತ್ತಾರೆ. ಪ್ರಪಂಚದ ಮೂಲೆ ಮೂಲೆಯಿಂದ ಗಾಳದವರು ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆ ಕ್ಯಾಂಪುಗಳಿಗೆ ಬರುತ್ತಿದ್ದದ್ದು ಇದಕ್ಕಾಗಿಯೇ. ಇಷ್ಟು ಹೆಸರುವಾಸಿಯಾದ ಮೀನಿಗೆ 2018ರ ತನಕ ವಿಜ್ಞಾನದಲ್ಲಿ ಎಲ್ಲರೂ ಒಪ್ಪುವ ಹೆಸರೇ ಇರಲಿಲ್ಲ!

ಯಾಕೆ ಹೀಗಾಯಿತು ಅಂತ ಹುಡುಕಿದರೆ ಪುಣೆಗೆ ಹೋಗಬೇಕು. ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1839ರಲ್ಲಿ ದಖ್ಖನಿನ ಮೀನುಗಳ ಬಗ್ಗೆ ಬರೆದರು. ಖುದ್ರಿ ಮತ್ತು ಮುಸುಳ್ಳ ಎರಡೂ ಅವರು ಕೊಟ್ಟ ಹೆಸರುಗಳೇ. ಅವರು ನೋಡಿದ ಮೀನುಗಳು ಪುಣೆ ಸುತ್ತಮುತ್ತಲಿನ ಹೊಳೆಗಳವು. ಆ ನೀರು ಭೀಮಾ ಸೇರಿ ಕೃಷ್ಣೆಗೆ ಹೋಗುತ್ತದೆ. ಕಾವೇರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಮುಂದೆ ಬಂದವರು ಕಾವೇರಿಯ ಡುಬ್ಬದ ಮೀನಿಗೆ ಮುಸುಳ್ಳ ಅನ್ನುವ ಹೆಸರು ಅಂಟಿಸಿದರು. ಅದೇ ಪುಸ್ತಕದಿಂದ ಪುಸ್ತಕಕ್ಕೆ ದಾಟಿತು. 2013ರಲ್ಲಿ ಮೂವರು ಸಂಶೋಧಕರು ಸೈಕ್ಸ್ ಬರೆದದ್ದನ್ನು ಮತ್ತೆ ಸಾಲು ಸಾಲಾಗಿ ಓದಿ, ಮುಸುಳ್ಳ ಅಂದರೆ ಮಹಶೀರೇ ಅಲ್ಲ, ಹಿಪ್ಸೆಲೋಬಾರ್ಬಸ್ ಅನ್ನುವ ಬೇರೆಯೇ ಕುಲದ ಮೀನು ಅಂತ ತೋರಿಸಿದರು. ಅಲ್ಲಿಗೆ ಡುಬ್ಬದ ಮಹಶೀರ್‌ಗೆ ಇದ್ದ ಎರವಲು ಹೆಸರೂ ಹೋಯಿತು.

ಇಲ್ಲಿ ವರ್ಗೀಕರಣದ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಮೀನನ್ನು ಮೂಲ ಮಾದರಿ ಅಂತ ಗುರುತಿಸಿ ಮ್ಯೂಸಿಯಂನಲ್ಲಿ ಇಡುತ್ತಾರೆ. ಆ ಹೆಸರಿನ ವಿಷಯದಲ್ಲಿ ಮುಂದೆ ಯಾರಿಗೆ ಅನುಮಾನ ಬಂದರೂ ಅದರ ಹತ್ತಿರವೇ ಬರಬೇಕು. ಅದು ಸಿಕ್ಕಿದ ಜಾಗವೂ ಅಷ್ಟೇ ಮುಖ್ಯ. ಮೂಲ ಮಾದರಿ ಕಳೆದುಹೋಗಿದ್ದರೆ ಕಷ್ಟ ಶುರು. ಮುಸುಳ್ಳಕ್ಕೆ ಆದದ್ದು ಅದೇ. 2013ರಲ್ಲಿ ಅದಕ್ಕೆ ಹೊಸದಾಗಿ ಬದಲಿ ಮಾದರಿಯನ್ನೇ ಗೊತ್ತುಮಾಡಬೇಕಾಯಿತು.

ಇನ್ನು ಮೀನನ್ನು ಕೈಯಲ್ಲಿ ಹಿಡಿದು ನೋಡುವ ಕೆಲಸ. ಮಹಶೀರ್‌ನ ಹುರುಪೆ ದೊಡ್ಡದು. ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ಪಕ್ಕದಲ್ಲಿ ಒಂದು ಗೆರೆ ಹೋಗುತ್ತದೆ. ಆ ಗೆರೆಯ ಮೇಲಿನ ಹುರುಪೆಗಳನ್ನು ಸೂಜಿ ತುದಿಯಲ್ಲಿ ಮುಟ್ಟಿ ಮುಟ್ಟಿ ಎಣಿಸಬೇಕು. 25ರ ಆಸುಪಾಸು ಬರುತ್ತದೆ. ಬಾಲದ ಹತ್ತಿರ ಯಾವುದು ಕೊನೆಯದು ಅಂತ ಗೊಂದಲವಾಗಿ ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ಒಂದು ವ್ಯತ್ಯಾಸ ಬರುವುದುಂಟು. ಆಮೇಲೆ ತಲೆ ಎಷ್ಟು ಉದ್ದ, ದವಡೆ ಎಷ್ಟು ಉದ್ದ, ಕಣ್ಣು ಎಷ್ಟು ಅಗಲ, ರೆಕ್ಕೆಯಲ್ಲಿ ಎಷ್ಟು ಕಡ್ಡಿ, ಹೀಗೆ ಅಳೆಯುತ್ತಾ ಹೋಗಬೇಕು. ಹಿಂದಿನವರು ದಪ್ಪ ತುಟಿ ನೋಡಿ ಬೇರೆ ಪ್ರಭೇದ ಅಂದುಬಿಡುತ್ತಿದ್ದರು. ಆದರೆ ಮಹಶೀರ್‌ಗಳಲ್ಲಿ ಒಂದೇ ಪ್ರಭೇದದೊಳಗೂ ಒಂದರ ತುಟಿ ದಪ್ಪ, ಇನ್ನೊಂದರದು ತೆಳು ಇರುತ್ತದೆ, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬಣ್ಣವೂ ಹಾಗೆಯೇ, ಸ್ಪಿರಿಟ್ ಬಾಟಲಿಯಲ್ಲಿಟ್ಟ ಮೇಲೆ ಉಳಿಯುವುದಿಲ್ಲ.

ಡುಬ್ಬದ ಮಹಶೀರ್ ವಿಷಯದಲ್ಲಿ ಇನ್ನೊಂದು ತೊಡಕು ಇತ್ತು. 40 ಕೆ.ಜಿ. ಮೀನನ್ನು ಯಾವ ಬಾಟಲಿಗೆ ಹಾಕುತ್ತೀರಿ? ಗಾಳದವರು ಹಿಡಿದು, ತೂಕ ನೋಡಿ, ಫೋಟೊ ತೆಗೆದು ವಾಪಸ್ ಬಿಡುತ್ತಿದ್ದರು. ಮೀನಿಗೆ ಅದು ಒಳ್ಳೆಯದೇ. ಆದರೆ ಅಧ್ಯಯನಕ್ಕೆ ಬೇಕಾದ ಮಾದರಿ ಯಾರ ಹತ್ತಿರವೂ ಉಳಿಯಲಿಲ್ಲ, ಬರೀ ಫೋಟೊ ಉಳಿದವು.

ಅತ್ತ ಕೇರಳದಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಇಡುಕ್ಕಿ ಜಿಲ್ಲೆಯ ಚಿನ್ನಾರ್ ಅಭಯಾರಣ್ಯದೊಳಗೆ ಪಾಂಬಾರ್ ಅನ್ನುವ ಹೊಳೆ ಇದೆ. ಅದು ಅಮರಾವತಿಯಾಗಿ ತಮಿಳುನಾಡಿನಲ್ಲಿ ಹರಿದು ಕಾವೇರಿ ಸೇರುತ್ತದೆ. ಅಲ್ಲಿ ಸಿಕ್ಕಿದ ಮರಿ ಮೀನುಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ಸಂಶೋಧಕರು ಟಾರ್ ರೆಮಾದೇವಿ ಅಂತ ಹೊಸ ಹೆಸರಿಟ್ಟರು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನು ತಜ್ಞೆ ರೆಮಾ ದೇವಿ ಅವರ ಹೆಸರು ಅದು. ಎಲ್ಲೋ ಮೂಲೆಯ ಹೊಳೆಯ ಸಣ್ಣ ಮೀನು ಅಂತ ಹೆಚ್ಚಿನವರು ಅದರ ಕಡೆ ಗಮನ ಕೊಡಲಿಲ್ಲ. ಆ ಮರಿಯೂ ಗಾಳಿಬೋರೆಯ ದೈತ್ಯ ಮೀನೂ ಒಂದೇ ಅಂತ ಹೊಳೆಯುವುದು ಸುಲಭವೂ ಅಲ್ಲ ಅಲ್ವಾ?

ಅದನ್ನು ಜೋಡಿಸಿ ತೋರಿಸಿದ್ದು ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು. ಬಂಡೀಪುರಕ್ಕೂ ಮುದುಮಲೆಗೂ ನಡುವೆ ಹರಿಯುವ ಮೋಯಾರ್ ಹೊಳೆಯಲ್ಲಿ ಡುಬ್ಬದ ಮಹಶೀರ್ ಇನ್ನೂ ಇದೆ ಅಂತ ಅವರಿಗೆ ಗೊತ್ತಾಯಿತು. ಅಲ್ಲಿಯ ಮೀನಿನ ಅಳತೆ ತೆಗೆದರು, ಡಿಎನ್ಎ ನೋಡಿದರು, ಹಳೆಯ ಫೋಟೊ, ಹಳೆಯ ಬರಹ ಎಲ್ಲ ಗುಡ್ಡೆ ಹಾಕಿಕೊಂಡು ಹೋಲಿಸಿದರು. ಪಾಂಬಾರ್‌ನ ಟಾರ್ ರೆಮಾದೇವಿಯೇ ಕಾವೇರಿಯ ಡುಬ್ಬದ ಮಹಶೀರ್ ಅಂತ 2018ರಲ್ಲಿ ಪ್ರಕಟಿಸಿದರು. ಹೆಸರು ಮೊದಲೇ ಇದ್ದದ್ದರಿಂದ ಹೊಸದು ಇಡಲಿಲ್ಲ. ಯಾವ ಹೆಸರು ಸರಿಯಾಗಿ ಮೊದಲು ಪ್ರಕಟವಾಯಿತೋ ಅದೇ ನಿಲ್ಲಬೇಕು ಅನ್ನುವುದು ಪ್ರಾಣಿಗಳ ಹೆಸರಿನ ನಿಯಮ. ಅದೇ ವರ್ಷ, ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಅಂತ ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪುಪಟ್ಟಿಯಲ್ಲಿ ಈ ಮೀನು ಅತಿ ತೀವ್ರ ಅಪಾಯದಲ್ಲಿದೆ ಅಂತ ಸೇರಿತು. ಅಲ್ಲಿಯವರೆಗೆ ಸೇರಿಸುವಂತೆಯೇ ಇರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆ ಪರಿಹಾರ ಸಿಗದ ಹಾಗೆ, ವೈಜ್ಞಾನಿಕ ಹೆಸರಿಲ್ಲದ ಪ್ರಾಣಿಗೆ ಆ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ.

ಹೆಸರಿಗಾಗಿ ಕಾಯುತ್ತಿದ್ದ ಆ ವರ್ಷಗಳಲ್ಲಿ ಹೊಳೆ ಸುಮ್ಮನೆ ಇರಲಿಲ್ಲ. ಅಣೆಕಟ್ಟುಗಳು ಬಂದವು, ತೋಟೆ ಸಿಡಿಸಿ ಮೀನು ಹಿಡಿದರು, ಮರಳು ತೆಗೆದರು. ಇವೆಲ್ಲ ನಿಮ್ಮ ಪತ್ರಿಕೆಯಲ್ಲೇ ಎಷ್ಟೋ ಸಲ ಬಂದಿದೆ, ಮತ್ತೆ ಹೇಳುವುದಿಲ್ಲ. ಆದರೆ ಒಳ್ಳೆಯದು ಮಾಡಬೇಕು ಅಂತಲೇ ಮಾಡಿದ ಒಂದು ಕೆಲಸದ ಬಗ್ಗೆ ಹೇಳಲೇಬೇಕು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಟಾಟಾ ಮೀನು ಮರಿ ಕೇಂದ್ರದಲ್ಲಿ ಖುದ್ರಿ ಮಹಶೀರ್ ಮರಿ ಮಾಡಿಸುವುದನ್ನು ಕಲಿತರು. ದೊಡ್ಡ ಸಾಧನೆ ಅದು. ಆ ತಳಿಯ ಮರಿಗಳು ದೇಶದ ಎಷ್ಟೋ ಹೊಳೆಗಳಿಗೆ ಹೋದವು, ಕಾವೇರಿಗೂ ಬಂದವು. ನೀಲಿ ಛಾಯೆಯ ರೆಕ್ಕೆಯ ಮೀನು ಅದು. ನಮ್ಮ ಡುಬ್ಬದ ಮೀನಿನ ರೆಕ್ಕೆ ಕಿತ್ತಳೆ. ಕಾಗದದ ಮೇಲೆ ಎರಡೂ ಮಹಶೀರ್ ಆದ್ದರಿಂದ ಮಹಶೀರ್ ಜಾಸ್ತಿ ಆಯಿತು ಅಂತ ಎಲ್ಲರೂ ಖುಷಿಪಟ್ಟರು.

ಏನಾಗುತ್ತಿತ್ತು ಅಂತ ಗೊತ್ತಾದದ್ದು ಗಾಳದವರ ಲೆಕ್ಕದ ಪುಸ್ತಕದಿಂದ. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ 6161 ಮಹಶೀರ್‌ಗಳ ದಾಖಲೆ ಇತ್ತು. ಯಾವ ದಿನ, ಎಷ್ಟು ತೂಕ, ಯಾವ ಬಗೆ ಅಂತ ಬರೆದಿಟ್ಟಿದ್ದರು. ಸಂಶೋಧಕರು ಅದನ್ನು ಬಿಡಿಸಿ ನೋಡಿದಾಗ ಒಟ್ಟು ಮೀನು ಏರುತ್ತಾ ಹೋಗಿದ್ದು ನೀಲಿ ರೆಕ್ಕೆಯದರಿಂದ ಅಂತ ಗೊತ್ತಾಯಿತು. ಡುಬ್ಬದ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿತ್ತು. ಸಿಕ್ಕಿದವು ಮೊದಲಿಗಿಂತ ದೊಡ್ಡವು. ದೊಡ್ಡ ಮೀನು ಸಿಕ್ಕಿತು ಅಂತ ಹಿಗ್ಗುವ ವಿಷಯ ಅಲ್ಲ ಅದು. ಇದ್ದ ಮುದಿ ಮೀನುಗಳೇ ಇವೆ, ಅವುಗಳ ಹಿಂದೆ ಮರಿಗಳು ಬೆಳೆದು ಬರುತ್ತಿಲ್ಲ ಅಂತ ಅರ್ಥ. ಕ್ಯಾಂಪಿನವರು ಬಗೆ ಬರೆಯದೆ ಬರೀ ಮಹಶೀರ್ ಅಂತ ಬರೆದಿದ್ದರೆ ಇದು ಯಾರಿಗೂ ಕಾಣಿಸುತ್ತಿರಲಿಲ್ಲ. ಆ ಪುಸ್ತಕ ತುಂಬಿಸಿದವರಿಗೆ, ಮೀನು ನೋಡಿದ ಕೂಡಲೇ ಇದು ಬೇರೆ ಅಂತ ಗುರುತು ಹಿಡಿಯುತ್ತಿದ್ದ ಅಲ್ಲಿಯ ಊರಿನ ಗೈಡ್‌ಗಳಿಗೆ ನಾವೆಲ್ಲ ಕೃತಜ್ಞರಾಗಿರಬೇಕು. ವಿಜ್ಞಾನದ ಪುಸ್ತಕದಲ್ಲಿ ಹೆಸರು ಇಲ್ಲದಿದ್ದಾಗಲೂ ಅವರು ಎರಡನ್ನೂ ಬೆರೆಸಲಿಲ್ಲ.

ಈಗ ಖುದ್ರಿ ಮಹಶೀರ್‌ಗೆ ಅಂಥ ಅಪಾಯ ಇಲ್ಲ ಅಂತ ಅದೇ ಕೆಂಪುಪಟ್ಟಿ ಹೇಳುತ್ತದೆ. ಡುಬ್ಬದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹಾಗಿರುವಾಗ ಅಳಿವಿನಂಚಿನ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು ಅಂತ ಒಂದು ಸಾಲು ಅಚ್ಚಾದರೆ ಓದುಗರು ಏನು ತಿಳಿದುಕೊಳ್ಳಬೇಕು? ಉಳಿಸಬೇಕಾದ ಮೀನು ಬಿಟ್ಟರೋ, ಅದರ ಜಾಗಕ್ಕೆ ಪೈಪೋಟಿ ಕೊಡುವ ಮೀನು ಬಿಟ್ಟರೋ? ಎರಡಕ್ಕೂ ಒಂದೇ ಸುದ್ದಿ, ಒಂದೇ ಚಪ್ಪಾಳೆ ಆಗಬಾರದು.

ಕನ್ನಡದಲ್ಲಿ ಇಂಥ ವಿಷಯ ಬರೆಯುವ ವಿದ್ಯಾರ್ಥಿಗಳಿಗೂ ಒಂದು ಮಾತು. ಗೂಗಲ್‌ನಲ್ಲಿ ಮೊದಲು ಬಂದ ಹೆಸರು ಎತ್ತಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನವರ ಮೀನುಗಳ ಕ್ಯಾಟಲಾಗ್ ಉಚಿತವಾಗಿದೆ. ಯಾವ ಹೆಸರು ಯಾರು ಇಟ್ಟರು, ಮೂಲ ಮಾದರಿ ಎಲ್ಲಿಯದು, ಈಗ ಆ ಹೆಸರು ನಡೆಯುತ್ತದೋ ಇಲ್ಲವೋ ಅಂತ ಅದರಲ್ಲಿ ನೋಡಬಹುದು. ಹಳೆಯ ಪುಸ್ತಕಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಸ್ಕ್ಯಾನ್ ಆಗಿ ಕೂತಿವೆ, ದುಡ್ಡು ಕೊಡಬೇಕಾಗಿಲ್ಲ. ಹೆಸರಿನ ಮುಂದಿನ ಕಂಸವನ್ನೂ ಗಮನಿಸಿ. ಟಾರ್ ಖುದ್ರಿ ಅಂತ ಬರೆದಾಗ ಸೈಕ್ಸ್ ಹೆಸರು ಕಂಸದೊಳಗೆ ಬರುತ್ತದೆ, ಯಾಕೆಂದರೆ ಅವರು ಅದನ್ನು ಇಟ್ಟದ್ದು ಬಾರ್ಬಸ್ ಕುಲದಲ್ಲಿ, ಆಮೇಲೆ ಅದು ಟಾರ್ ಕುಲಕ್ಕೆ ಹೋಯಿತು. ಟಾರ್ ರೆಮಾದೇವಿಗೆ ಕಂಸ ಇಲ್ಲ, ಅದು ಮೊದಲಿನಿಂದಲೂ ಟಾರ್. ಅಷ್ಟು ಚಿಕ್ಕ ಗುರುತಿನಲ್ಲಿ ಮೀನಿನ ಹೆಸರಿನ ಅರ್ಧ ಚರಿತ್ರೆ ಇರುತ್ತದೆ, ಕನ್ನಡದ ಲೇಖನಗಳಲ್ಲಿ ಅದನ್ನು ಬಿಟ್ಟುಬಿಡುವುದು ನನಗಂತೂ ಸರಿ ಕಾಣುವುದಿಲ್ಲ.

ರಾಮನಾಥಪುರದಲ್ಲಿ, ಶಿಶಿಲದಲ್ಲಿ, ಶೃಂಗೇರಿಯಲ್ಲಿ ಭಕ್ತರು ದೇವರ ಮೀನು ಅಂತ ಮಹಶೀರ್‌ಗಳಿಗೆ ಅಕ್ಕಿ, ಪುರಿ ಹಾಕುತ್ತಾರೆ. ರಾಮನಾಥಪುರದ ನೀರು ಕಾವೇರಿ, ಶೃಂಗೇರಿಯದು ತುಂಗೆ, ಶಿಶಿಲದ ಹೊಳೆ ಪಡುವಣ ಕಡಲಿಗೆ ಹೋಗುತ್ತದೆ. ಮೂರೂ ಬೇರೆ ಬೇರೆ ಕಣಿವೆ. ಒಂದು ಕಡೆಯ ಮೀನು ಇನ್ನೊಂದು ಕಡೆಗೆ ತಂದು ಬಿಡಬಾರದು ಅಂತ, ಇಲ್ಲಿರುವುದು ಇಂಥ ಪ್ರಭೇದ ಅಂತ ಕನ್ನಡದಲ್ಲಿ ಒಂದೊಂದು ಬೋರ್ಡ್ ಹಾಕಿದರೆ ಎಷ್ಟು ಜನ ಓದುತ್ತಾರೆ ಯೋಚಿಸಿ.

ನಿಮ್ಮ ವರದಿಗಾರರು ಮುಂದಿನ ಸಲ ಮರಿ ಬಿಡುವ ಕಾರ್ಯಕ್ರಮಕ್ಕೆ ಹೋದಾಗ ಅಲ್ಲಿಯ ಅಧಿಕಾರಿಗಳನ್ನು ಕೇಳಲಿ: ಈ ಮರಿಗಳ ವೈಜ್ಞಾನಿಕ ಹೆಸರೇನು, ತಾಯಿ ಮೀನು ಯಾವ ಹೊಳೆಯಿಂದ ತಂದದ್ದು, ಪ್ರಭೇದ ಇದೇ ಅಂತ ಯಾರು ನೋಡಿ ಹೇಳಿದರು. ಉತ್ತರ ಸಿಕ್ಕರೆ ಅಚ್ಚು ಹಾಕಿ. ಸಿಗದಿದ್ದರೆ, ಕೇಳಿದೆವು, ಉತ್ತರ ಸಿಗಲಿಲ್ಲ ಅಂತ ಅದನ್ನೂ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ,
ಚಾಮರಾಜನಗರ ಜಿಲ್ಲೆ