ಪುಟ್ಟಿಗೆ, ಚಹಾ ಮೇಜಿನ ವಿಚಾರವಾಗಿ

ಕುಂದಾಪುರ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಪತ್ರ ತಲುಪಿತು. ಹಾಂಗ್‌ಕಾಂಗಿನ ಶಾಮ್ ಶುಯ್ ಪೋದಲ್ಲಿ, ಚಹಾದ ಜೊತೆ ಸಣ್ಣ ಸಣ್ಣ ತಿಂಡಿ ಕೊಡುವ ಅಗ್ಗದ ಡಿಮ್ ಸಮ್ ಹೋಟೆಲೊಂದರಲ್ಲಿ ನಿನ್ನನ್ನು ಗುರುತಿಲ್ಲದ ಇಬ್ಬರು ಅಜ್ಜಂದಿರ ಮೇಜಿಗೆ ಕೂರಿಸಿದರೆಂದೂ, ನೀನು ಕೇಳದ ಚಹಾಕ್ಕೆ ಬಿಲ್ಲಿನಲ್ಲಿ ದುಡ್ಡು ಹಿಡಿದರೆಂದೂ, ಬಡಿಸುವ ಹೆಂಗಸು ಗದರಿದಳೆಂದೂ ಬರೆದು, ಇನ್ನು ಅತ್ತ ಕಾಲಿಡುವುದಿಲ್ಲ ಎಂದು ಪತ್ರ ಮುಗಿಸಿದ್ದೀಯ. ಹಾಂಗ್‌ಕಾಂಗಿನಲ್ಲಿ 11 ವರ್ಷ ಸಂಸಾರ ಮಾಡಿದವಳಾಗಿ ಹೇಳುತ್ತೇನೆ: ಮುಂದಿನ ಭಾನುವಾರ ಅದೇ ಹೋಟೆಲಿಗೆ ಮತ್ತೆ ಹೋಗು, ಆದರೆ ಒಬ್ಬಳೇ ಹೋಗಬೇಡ.

ಮೊದಲು ಚಹಾದ ಮಾತು. ಅಲ್ಲಿಯ ಜನ ಡಿಮ್ ಸಮ್ ತಿನ್ನಲು ಹೋಗೋಣ ಎನ್ನುವುದಕ್ಕಿಂತ ‘ಯಮ್ ಚಾ’, ಅಂದರೆ ಚಹಾ ಕುಡಿಯೋಣ, ಎಂದು ಹೇಳುವುದೇ ಹೆಚ್ಚು. ‘ಒಂದು ಪಾತ್ರೆ ಚಹಾ, ಎರಡು ತುಂಡು ತಿಂಡಿ’ ಎಂಬುದು ಅವರ ಹಳೆಯ ನುಡಿ. ಆ ಲೆಕ್ಕದಲ್ಲಿ ಚಹಾವೇ ಊಟದ ಆಧಾರ, ತಿಂಡಿ ಅದರ ಜೊತೆಗಾರ. ತಲೆಗಿಷ್ಟು ಎಂದು ಚಹಾದ ದುಡ್ಡು ಹಿಡಿಯುವುದು ಅಲ್ಲಿಯ ರೂಢಿ. ನಿನ್ನೊಬ್ಬಳಿಗೆಂದು ಮಾಡಿದ ಮೋಸ ಅದಲ್ಲ. ಕೂತೊಡನೆ ಯಾವ ಚಹಾ ಎಂದು ಕೇಳುತ್ತಾರೆ. ನೀನು ಉತ್ತರಿಸದೆ ಕಣ್ಣು ಪಿಳಿಪಿಳಿ ಬಿಟ್ಟಿರಬೇಕು, ಅದಕ್ಕೇ ಆಕೆಯ ದನಿ ಏರಿರಬೇಕು. ಕಪ್ಪಗೆ, ಮಣ್ಣಿನ ಘಮಲಿನ ಬೋ ಲೇ ಎಣ್ಣೆಯ ತಿಂಡಿಗೆ ಹೊಂದುತ್ತದೆ. ಮಲ್ಲಿಗೆಯ ಪರಿಮಳ ಬೇಕೆಂದರೆ ಹಿಯುಂಗ್ ಪಿನ್ ಎನ್ನು. ಮೊದಲ ಸುತ್ತಿನ ಬಿಸಿ ಚಹಾದಲ್ಲಿ ಬಟ್ಟಲು, ಚಮಚ, ಕಡ್ಡಿಗಳನ್ನು ತೊಳೆದು ಆ ನೀರನ್ನು ದೊಡ್ಡ ಬೋಗುಣಿಗೆ ಸುರಿಯುವುದನ್ನು ನೀನು ಕಂಡಿರುತ್ತೀಯ. ನೀನೂ ಹಾಗೆಯೇ ಮಾಡಬಹುದು, ಯಾರೂ ಅದನ್ನು ಹೋಟೆಲಿಗೆ ಮಾಡಿದ ಅವಮಾನವೆಂದು ತಿಳಿಯುವುದಿಲ್ಲ. ಪಾತ್ರೆ ಬರಿದಾದಾಗ ಮುಚ್ಚಳವನ್ನು ಓರೆಯಾಗಿ ಸರಿಸಿಟ್ಟರೆ ಕರೆಯದೆಯೇ ಬಿಸಿನೀರು ಬರುತ್ತದೆ.

ನಿನ್ನ ಬಟ್ಟಲಿಗೆ ಬಗ್ಗಿಸಿಕೊಳ್ಳುವ ಮೊದಲು ಮೇಜಿನ ಹಿರಿಯರಿಗೆ ಬಗ್ಗಿಸು. ನಿನಗೆ ಯಾರಾದರೂ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟು. ವೇಷ ಮರೆಸಿಕೊಂಡು ಊರು ಸುತ್ತುತ್ತಿದ್ದ ಚೀನಾದ ಚಿಯೆನ್‌ಲುಂಗ್ ಚಕ್ರವರ್ತಿ ತನ್ನ ಸೇವಕರಿಗೇ ಚಹಾ ಬಗ್ಗಿಸಿದಾಗ, ಗುಟ್ಟು ರಟ್ಟಾಗದಂತೆ ಅವರು ಬೆರಳು ಮಡಿಸಿ ಸಾಷ್ಟಾಂಗ ಮಾಡಿದರೆಂಬ ದಂತಕಥೆ ಇದರ ಹಿಂದಿದೆ. ಕಥೆ ನಿಜವೋ ಸುಳ್ಳೋ, ಬಾಯಿ ತುಂಬ ತಿಂಡಿಯಿರುವಾಗ ಉಪಕಾರ ಸ್ಮರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿಯದು.

ಗುರುತಿಲ್ಲದವರ ಜೊತೆ ಕೂರಿಸುವುದಕ್ಕೆ ‘ದಾಪ್ ತೋಯ್’ ಎನ್ನುತ್ತಾರೆ. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ ಎದುರಿನವರ ಸಾಂಬಾರು ಬಟ್ಟಲನ್ನು ಸರಿಸಿ ನಾವು ಕೂರುವುದಿಲ್ಲವೇ? ಬಾಡಿಗೆ ಬೆಂಕಿಯಂತಿರುವ ಊರಿನಲ್ಲಿ ಒಂದು ಬುಟ್ಟಿ ತಿಂಡಿಯನ್ನು ಅಗ್ಗಕ್ಕೆ ಕೊಡಬೇಕಾದರೆ ಒಂದು ಕುರ್ಚಿಯೂ ಖಾಲಿ ಬೀಳುವಂತಿಲ್ಲ. ಬೆಳಿಗ್ಗೆ ಪತ್ರಿಕೆ ಹಿಡಿದು ಕೂರುವ ಆ ಅಜ್ಜಂದಿರು ವರ್ಷಗಳಿಂದ ಅದೇ ಮೇಜಿಗೆ ಬರುವವರಾಗಿರಬಹುದು. ‘ಚೋ ಸನ್’ ಎಂದು ಬೆಳಗಿನ ನಮಸ್ಕಾರ ಹೇಳಿ ನೋಡು, ಯಾವುದು ಆಗತಾನೇ ಬೆಂದು ಬಂದಿದೆ ಎಂದು ಅವರೇ ತೋರಿಸುತ್ತಾರೆ.

ಇನ್ನು ತಿನ್ನುವ ವಿಷಯ. ನಮ್ಮ ಮನೆಯಲ್ಲಿ ಮೀನು, ಸಿಗಡಿ, ಕೋಳಿ ನಡೆಯುತ್ತದೆ, ಹಂದಿ ಮತ್ತು ದನ ನಡೆಯುವುದಿಲ್ಲ. ನಿನ್ನ ನೇಮ ನಿನ್ನದು. ಅದನ್ನು ಉಳಿಸಿಕೊಳ್ಳುವುದಾದರೆ ಅಲ್ಲಿ ಕೇಳಿಯೇ ತಿನ್ನಬೇಕು. ಸಿಯು ಮಾಯ್ ಎಂಬ ಪುಟ್ಟ ಕಡುಬಿಗೂ ಚಾ ಸಿಯು ಬಾವ್ ಎಂಬ ಹೂರಣದ ಬನ್ನಿಗೂ ಹಂದಿಯೇ ಮುಖ್ಯ. ಪಾರದರ್ಶಕ ಹೊದಿಕೆಯ ಹಾ ಗಾವ್ ಸಿಗಡಿಯದು, ಆದರೆ ಅದರ ಹೂರಣಕ್ಕೆ ಹಂದಿಯ ಕೊಬ್ಬಿನ ಚೂರು ಬೆರೆಸುವ ಅಡಿಗೆಯವರೂ ಇದ್ದಾರೆ. ಮೂಲಂಗಿಯ ಲೋ ಬಾಕ್ ಗೋ ಹೆಸರಿಗೆ ತರಕಾರಿ. ಒಳಗೆ ಒಣಸಿಗಡಿಯ ಜೊತೆ ಹಂದಿಯ ಸಾಸೇಜಿನ ಚೂರುಗಳೂ ಇರುತ್ತವೆ. ನಾನು ಮೊದಲ ವರ್ಷವೆಲ್ಲ ಅದನ್ನು ಶುದ್ಧ ಸಸ್ಯಾಹಾರವೆಂದು ನಂಬಿ ಶನಿವಾರವೂ ತಿಂದವಳು, ಇದನ್ನು ನಿನ್ನ ಅಮ್ಮನಿಗೆ ಹೇಳಬೇಡ. ನಿನಗೆ ಹೇಳಿ ಮಾಡಿಸಿದ್ದು ಸಿಗಡಿಯ ಚಿಯುಂಗ್ ಫನ್: ಅಕ್ಕಿಹಿಟ್ಟನ್ನು ತೆಳುವಾಗಿ ಹರಡಿ, ಆವಿಯಲ್ಲಿ ಬೇಯಿಸಿ, ಸುತ್ತಿ, ಸಿಹಿ ಬೆರೆತ ಸೋಯಾ ಸಾರು ಹೊಯ್ದು ಕೊಡುತ್ತಾರೆ. ಕಾವಲಿ ಕಾಣದ ನೀರ್‌ದೋಸೆ ಎಂದುಕೊ. ಬಿಸಿಯಿರುವಾಗಲೇ ಮುಗಿಸು, ಆರಿದರೆ ಅಂಟು. ಫೀನಿಕ್ಸ್ ಪಂಜವೆಂದು ಹೆಸರಿಟ್ಟು ಕೊಡುವ ಕೋಳಿಕಾಲನ್ನು ಕರಿದು, ಬೇಯಿಸಿ, ಕಪ್ಪು ಸೋಯಾಕಾಳಿನ ಸಾರಿನಲ್ಲಿ ಮತ್ತೆ ಆವಿಗಿಡುತ್ತಾರೆ. ಮೂಳೆ ಉಗುಳಲು ನಾಚದವರಿಗೆ ಅದು ಅಮೃತ, ನಿನ್ನ ದೊಡ್ಡಪ್ಪನಂಥವರಿಗೆ ದುಃಸ್ವಪ್ನ. ಕೊನೆಗೆ ಎಳ್ಳು ಹೊರಳಿಸಿದ ಚಿನ್ ದೋಯ್ ಕಂಡರೆ ಬಿಡಬೇಡ, ಹೊರಗೆ ಗರಿಗರಿ, ಒಳಗೆ ಸಿಹಿ ಹೂರಣ, ನಮ್ಮ ಸುಕ್ಕಿನುಂಡೆಯ ದೂರದ ನೆಂಟ.

ಈಗ ತಿಳಿಯಿತೇ ಒಬ್ಬಳೇ ಹೋಗಬೇಡ ಎಂದುದು ಏಕೆಂದು? ಒಂದು ಬುಟ್ಟಿಯಲ್ಲಿ ಮೂರೋ ನಾಲ್ಕೋ ತುಂಡು ಇರುತ್ತವೆ. ಒಬ್ಬಳಿಗೆ ಎರಡು ಬುಟ್ಟಿಯಲ್ಲಿ ಹೊಟ್ಟೆ ತುಂಬುತ್ತದೆ, ನಾಲ್ವರಿದ್ದರೆ ಎಂಟು ಬಗೆಯ ರುಚಿ ನೋಡಬಹುದು, ತಲಾ ಖರ್ಚೂ ಏರುವುದಿಲ್ಲ. ಕಚೇರಿಯ ಗೆಳತಿ ಎರಡು ಬಾರಿ ಕರೆದರೂ ನೆಪ ಹೇಳಿದೆನೆಂದು ಬರೆದಿದ್ದೀಯಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಬಿಲ್ಲಿನ ವೇಳೆ ಹಣಕ್ಕಾಗಿ ಪೈಪೋಟಿ ನಡೆಯುತ್ತದೆ. ಈ ಸಲ ಅವಳು ಕೊಟ್ಟರೆ ಮುಂದಿನ ಸಲ ನೀನೇ ಮೊದಲು ‘ಮಾಯ್ ದಾನ್’, ಅಂದರೆ ಬಿಲ್ಲು ತನ್ನಿ, ಎಂದು ಕೂಗು.

ಹೆಸರು ಮಾಡಿದ ಅಂಗಡಿಗಳ ಹಿಂದೆ ಓಡಬೇಕಾಗಿಲ್ಲ. ದೊಡ್ಡ ಹೋಟೆಲಿನ ಅಡಿಗೆಮನೆಯಲ್ಲಿ ಪಳಗಿದ ಮಾಕ್ ಕ್ವಾಯ್ ಪುಯ್ 2009ರಲ್ಲಿ ಮೊಂಗ್ ಕಾಕ್‌ನಲ್ಲಿ ಟಿಮ್ ಹೋ ವಾನ್ ಎಂಬ ಪುಟ್ಟ ಅಂಗಡಿ ತೆರೆದು, ಅಗ್ಗದ ತಿಂಡಿಗೂ ಒಳ್ಳೆಯ ಹೋಟೆಲುಗಳನ್ನು ಗುರುತಿಸುವ ಮಿಶೆಲಿನ್ ಕೈಪಿಡಿಯ ತಾರೆ ಸಿಗುವುದೆಂದು ತೋರಿಸಿದರು. ಅಲ್ಲಿ ಸಾಲಿನಲ್ಲಿ ನಿಂತು ತಿಂದವಳೇ ನಾನೂ, ಚೆನ್ನಾಗಿತ್ತು. ಆದರೂ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ನಿನ್ನ ಮುಖದ ಪರಿಚಯವಿರುವ ಹೋಟೆಲೇ ಮೇಲು. ಬೆಳಿಗ್ಗೆ ಬೇಗ ಅಥವಾ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಹೋದರೆ ಎಷ್ಟೋ ಕಡೆ ದರವೂ ಕಡಿಮೆ.

ಗದರಿದ ಆ ಹೆಂಗಸಿಗೆ ಪಾತ್ರೆ ತುಂಬಿಸಿದಾಗಲೆಲ್ಲ ‘ಮ್ ಗೋಯ್’, ಅಂದರೆ ಉಪಕಾರವಾಯಿತು, ಎನ್ನು. ಮೂರನೆಯ ವಾರ ಏನಾಯಿತೆಂದು ನನಗೆ ಬರೆ. ದೀಪಾವಳಿಗೆ ಊರಿಗೆ ಬರುವಾಗ ಬೋ ಲೇ ಒಂದು ಪೊಟ್ಟಣ ತಾ, ದೊಡ್ಡಪ್ಪನ ಡಬ್ಬ ಬರಿದಾಗಿದೆ.

ಇತಿ ನಿನ್ನ
ದೊಡ್ಡಮ್ಮ