ಕಾಲಂ ಹಾಕುವ ಮುಂಚೆ ಕೌಂಟರಿನಲ್ಲಿ ಕೂರು

ಗುಬ್ಬಿ
ಭಾನುವಾರ ಸಂಜೆ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ತೋಟಕ್ಕೆ ಎರಡು ಹದ ಮಳೆಯಾಗಿದೆ. ಮೊನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. ನಿಮ್ಮ ಕಾಲೇಜಿನ ಟೆಕ್ ಟೀಮಿಗೆ ನಿನ್ನನ್ನು ತೆಗೆದುಕೊಂಡರಂತೆ. ಹೊಸ ವೆಬ್‌ಸೈಟಿನ ಜೊತೆಗೆ ಆಫೀಸಿನ ಅರ್ಜಿಗಳನ್ನೆಲ್ಲ ಪೇಪರ್ ಇಲ್ಲದ ಹಾಗೆ ಮಾಡುವ ಕೆಲಸವೂ ನಿಮ್ಮದೇ ಅಂದ. ಕೇಳಿ ತುಂಬಾ ಸಂತೋಷವಾಯಿತು. ಮೂವತ್ತೊಂದು ವರ್ಷ ತುಮಕೂರಿನಲ್ಲಿ ಕಾಲೇಜು ಆಫೀಸಿನ ಕಿಟಕಿಯ ಒಳಗೆ ಕೂತವನು ನಾನು. ಆ ಕಿಟಕಿಯ ಹೊರಗೆ ನಿಂತ ಮಕ್ಕಳ ಮುಖ ಇನ್ನೂ ಕಣ್ಣಮುಂದೆ ಇವೆ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಪೇಪರ್ ಫಾರಮನ್ನು ಇದ್ದ ಹಾಗೇ ಎತ್ತಿ ಸ್ಕ್ರೀನಿಗೆ ಹಾಕಬೇಡ. ಒಂದೊಂದು ಕಾಲಂ ಮೇಲೂ ಬೆರಳಿಟ್ಟು ಕೇಳು. ಇದನ್ನು ಯಾರು ಓದುತ್ತಾರೆ? ಓದಿ ಏನು ಮಾಡುತ್ತಾರೆ? ಉತ್ತರ ಸಿಗದಿದ್ದರೆ ಆ ಕಾಲಂ ತೆಗೆದುಬಿಡು.

ನಮ್ಮ ಅಡ್ಮಿಷನ್ ಫಾರಮಿನಲ್ಲಿ 'ದೇಹದ ಮೇಲಿನ ಗುರುತುಗಳು: 1, 2' ಅಂತ ಒಂದು ಕಾಲಂ ಇತ್ತು. ಹುಡುಗರು ಕಿಟಕಿ ಹತ್ತಿರ ನಿಂತು ತೋಳು ತಿರುಗಿಸಿ ಮಚ್ಚೆ ಹುಡುಕುತ್ತಿದ್ದರು. ಒಬ್ಬಳು ಹುಡುಗಿ ಎರಡನೇ ಗುರುತು ಸಿಗದೆ ಅಳು ಮುಖ ಮಾಡಿಕೊಂಡು ನಿಂತಿದ್ದಳು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ನಾನು ಆ ಕಾಲಂ ಓದಿ ನೋಡಲಿಲ್ಲ, ನಮ್ಮ ಆಫೀಸಿನಲ್ಲಿ ಬೇರೆ ಯಾರೂ ನೋಡಿದ್ದು ಕಾಣೆ. ಹಿಂದಿನವರು ಅಚ್ಚು ಹಾಕಿಸಿದ್ದರು, ನಾವೂ ಹಾಕಿಸಿದೆವು, ಅಷ್ಟೇ. ಈಗಂತೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಒಪ್ಪಿಗೆ ಪಡೆದು ಮಾಹಿತಿ ಕೇಳುವಾಗಲೂ ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ತಗೊಳ್ಳಿ ಅನ್ನುತ್ತದೆ ಅದು. ಆಧಾರ್ ಕಾರ್ಡಿನ ಫೋಟೋ 'ಇರಲಿ' ಅಂತ ಸುಮ್ನೆ ಕೇಳಬೇಡಿ. ಕೇಳಿದರೆ ಅದನ್ನು ಕಾಯುವ ಜವಾಬ್ದಾರಿಯೂ ನಿಮ್ಮದೇ ಆಗುತ್ತದೆ.

ಇನ್ನೊಂದು ವಿಷಯ ಇವತ್ತಿಗೂ ನನ್ನ ಮನಸ್ಸು ಕೊರೆಯುತ್ತದೆ. ಪಾವಗಡದ ಕಡೆಯ ಒಬ್ಬ ಹುಡುಗಿ ಸ್ಟಡಿ ಸರ್ಟಿಫಿಕೇಟಿಗೆ ಬಂದಿದ್ದಳು. ರಜೆಯ ದಿನಗಳು, ಹಾಸ್ಟೆಲ್ ಬಾಗಿಲು ಹಾಕಿತ್ತು. ಊರಿಂದ ಮೊದಲ ಬಸ್ಸು ಹಿಡಿದು, ಮಧುಗಿರಿ ಮೇಲೆ ನೂರು ಕಿಲೋಮೀಟರ್ ಹತ್ತಿರ ಬಂದವಳು. ಅರ್ಜಿಯ ಮೇಲೆ ವಿಭಾಗದ ಮುಖ್ಯಸ್ಥರ ಸಹಿ ಇರಲಿಲ್ಲ, ಅವರು ಅವತ್ತು ರಜೆ. ನಾಳೆ ಬಾಮ್ಮ ಅಂದೆ. ಅವಳು ಮಾತಾಡಲಿಲ್ಲ. ಕೈಯಲ್ಲಿದ್ದ ಬಸ್ ಟಿಕೆಟನ್ನು ಸಣ್ಣಗೆ ಮಡಚುತ್ತಾ ಹೊರಟುಹೋದಳು. ಆ ಸಹಿಯಿಂದ ಏನೂ ಆಗಬೇಕಿರಲಿಲ್ಲ, ಪುಟ್ಟಿ. ಅವಳು ನಮ್ಮ ವಿದ್ಯಾರ್ಥಿನಿ ಅನ್ನುವುದಕ್ಕೆ ಅಡ್ಮಿಷನ್ ರಿಜಿಸ್ಟರ್ ನನ್ನ ಮೇಜಿನ ಮೇಲೇ ಇತ್ತು. ನೀವು ಮಾಡುವ ಫಾರಮಿನಲ್ಲಿ ಆ ಸಹಿ ಮತ್ತೆ 'ಅಪ್ರೂವಲ್' ಅನ್ನುವ ಹೆಸರಿನಲ್ಲಿ ಬಂದು ಕೂತರೆ, ಅವಳು ಬಸ್ಸಿನಲ್ಲಿ ಅಲೆಯುವ ಬದಲು ಮನೆಯಲ್ಲಿ ಕೂತು ಕಾಯುತ್ತಾಳೆ. ಕಾಯುವುದು ತಪ್ಪುವುದಿಲ್ಲ.

ಹೆಸರಿನ ಕಾಲಂ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಅರ್ಧ ಜಗಳ ಅಲ್ಲೇ. ರೆಡಿಮೇಡ್ ಫಾರಮುಗಳಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಬಾಕ್ಸ್ ಇರುತ್ತವೆ, ಎರಡೂ ಕಡ್ಡಾಯ. ನಮ್ಮ ಕಡೆ ಲಾಸ್ಟ್ ನೇಮ್ ಎಷ್ಟು ಮಕ್ಕಳಿಗಿದೆ ಹೇಳು? ಇನಿಷಿಯಲ್ ಇರುತ್ತದೆ, ಅದು ಒಬ್ಬರಿಗೆ ಮುಂದೆ, ಒಬ್ಬರಿಗೆ ಹಿಂದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಬಾಕ್ಸ್ ಖಾಲಿ ಬಿಡುವ ಹಾಗಿಲ್ಲ ಅಂತ ಹುಡುಗ ಅಪ್ಪನ ಹೆಸರು ತುಂಬುತ್ತಾನೆ. ಕೊನೆಗೆ ಸ್ಕಾಲರ್‌ಶಿಪ್ ಬರುವ ಹೊತ್ತಿಗೆ ಹೆಸರು ಹೊಂದುತ್ತಿಲ್ಲ ಅಂತ ತಡೆ ಬೀಳುತ್ತದೆ. ಹೆಸರಿಗೆ ಒಂದೇ ಉದ್ದ ಬಾಕ್ಸ್ ಕೊಡಿ. 'ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೇ ಬರೆಯಿರಿ' ಅಂತ ಅದರ ಮೇಲೇ ಕನ್ನಡದಲ್ಲಿ ಹಾಕಿ. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ Tumkur ಹೋಗಿ Tumakuru ಆಯಿತು. ಸ್ಪೆಲಿಂಗ್ ಹಳೇ ಸರ್ಟಿಫಿಕೇಟಿನಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ನಿಮ್ಮ ಕಂಪ್ಯೂಟರ್ ಇವೆರಡೂ ಬೇರೆ ಜಿಲ್ಲೆ ಅಂದುಕೊಂಡರೆ ಮಕ್ಕಳ ಗತಿ ಏನು?

ಕನ್ನಡದಲ್ಲಿ ತುಂಬುವುದಕ್ಕೂ ಅವಕಾಶ ಇರಲಿ. ಲಕ್ಷ್ಮಮ್ಮ ಅಂತ ಒಂದು ಸಲ ಬರೆದು ನೋಡು. ಒತ್ತು ಕೆಳಗೆ ಇಳಿಯುತ್ತದೆ. ಬಾಕ್ಸಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿ ಇಟ್ಟಿದ್ದರೆ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಅಲ್ಲದೆ, ಬೇರೆ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಗಳೂ ಸಿಗುತ್ತವೆ. ಅವನ್ನು ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಹುಡುಕಿದರೆ ಒಂದು ಹೆಸರೂ ಸಿಗುವುದಿಲ್ಲ.

ಮೊಬೈಲಿನ ವಿಷಯ ನೀನೇ ನನಗೆ ಕಲಿಸಿದವಳು. ಹಬ್ಬಕ್ಕೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಬ್ರೌಸರಿನ ಅಂಚು ಹಿಡಿದು ಎಳೆದು, ಪುಟ ತಾನೇ ಕಿರಿದಾಗುವುದನ್ನು ತೋರಿಸಿದ್ದೆ. 2010ರಲ್ಲಿ ಈಥನ್ ಮಾರ್ಕಾಟ್ ಅನ್ನುವ ವೆಬ್ ಡಿಸೈನರ್ ಇದಕ್ಕೆ ರೆಸ್ಪಾನ್ಸಿವ್ ಅಂತ ಹೆಸರಿಟ್ಟರು ಅಂದಿದ್ದೆ. ಅಳತೆಗೆ ತಕ್ಕ ಹಾಗೆ ಹಿಗ್ಗಿ ಕುಗ್ಗುವ ಗ್ರಿಡ್ ಅನ್ನುವ ಪುಟದ ಚೌಕಟ್ಟು, ಅದರ ಜೊತೆ ಕುಗ್ಗುವ ಚಿತ್ರ, ಪರದೆಯ ಅಗಲ ಕೇಳಿಕೊಳ್ಳುವ ಮೀಡಿಯಾ ಕ್ವೆರಿ, ಈ ಮೂರೂ ನೆನಪಿವೆ ನನಗೆ. ಕೋಡಿನಲ್ಲಿ ವ್ಯೂಪೋರ್ಟ್ ಅನ್ನುವ ಒಂದು ಸಾಲು ಮರೆತರೆ ಫೋನು ಪುಟವನ್ನು ಕಂಪ್ಯೂಟರಿನಷ್ಟು ಅಗಲ ಅಂದುಕೊಂಡು ಅಕ್ಷರಗಳನ್ನು ಇರುವೆಯಷ್ಟು ಮಾಡುತ್ತದೆ ಅಂತಲೂ ಹೇಳಿದ್ದೆ. ಅದೆಲ್ಲ ನಿನಗೆ ಗೊತ್ತು. ನಾನು ಕೇಳುವುದು ಇಷ್ಟೇ. ಬ್ರೌಸರ್ ಎಳೆದು ನೋಡಿ ಮುಗಿಯಿತು ಅನ್ನಬೇಡ. ಗಾಜು ಸೀಳಿದ ಹಳೇ ಫೋನಿನಲ್ಲಿ, ಬಿಸಿಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ತುಂಬಿ ನೋಡು. ಬೆರಳಿಗೆ ಬಟನ್ ಸಿಗುತ್ತದಾ? ಮಧ್ಯೆ ನೆಟ್‌ವರ್ಕ್ ಹೋದರೆ ತುಂಬಿದ್ದು ಉಳಿಯುತ್ತದಾ? ಫೋನಿನಲ್ಲಿ ತೆಗೆದ ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ನೀವು 50 ಕೆಬಿ ಮೀರಬಾರದು ಅಂದರೆ ಆ ಮಗು ಎಲ್ಲಿಗೆ ಹೋಗಬೇಕು? ಕುಗ್ಗಿಸುವ ಕೆಲಸ ನಿಮ್ಮ ಫಾರಮೇ ಮಾಡಿಕೊಳ್ಳಲಿ.

ಎಲ್ಲಿಗೆ ಹೋಗುತ್ತಾರೆ ಅಂತ ಗೊತ್ತು, ಸೈಬರ್ ಸೆಂಟರಿಗೆ. ಅಲ್ಲಿ ಕೂತವನಿಗೆ ಮುಂದೆ ಹತ್ತು ಜನ ಕಾಯುತ್ತಿರುತ್ತಾರೆ. ಒಟಿಪಿಗೆ ತಡವಾಗಬಾರದು ಅಂತ ತನ್ನ ಮೊಬೈಲ್ ನಂಬರೇ ಹಾಕಿಬಿಡುತ್ತಾನೆ. ಆಮೇಲೆ ಪಾಸ್‌ವರ್ಡ್ ಬದಲಾಯಿಸಬೇಕಾದರೂ ಅವನ ಹತ್ತಿರವೇ ಹೋಗಬೇಕು. ಹೀಗೆ ಸಿಕ್ಕಿಹಾಕಿಕೊಂಡ ಮಕ್ಕಳನ್ನು ನಾನು ಕಿಟಕಿಯಲ್ಲಿ ತುಂಬಾ ನೋಡಿದ್ದೇನೆ. ಒಂದೇ ನಂಬರಿನಿಂದ ಐದಾರು ಅರ್ಜಿ ಬಂದರೆ ನಿಮಗೆ ಗೊತ್ತಾಗಬೇಕು. ನಂಬರ್ ಬದಲಾಯಿಸುವುದಕ್ಕೆ ಆಫೀಸಿನಲ್ಲಿ ಒಂದು ದಾರಿಯೂ ಇರಬೇಕು.

ಆಫೀಸಿನವರ ಮೇಲೆ ಬೇಸರ ಮಾಡಿಕೊಳ್ಳಬೇಡ. 'ಆನ್‌ಲೈನ್ ತುಂಬಿ, ಪ್ರಿಂಟ್ ತೆಗೆದು, ಜೆರಾಕ್ಸ್ ಜೊತೆ ತಂದುಕೊಡಿ' ಅಂತ ಅವರು ಹೇಳುವುದು ಹಟಕ್ಕಲ್ಲ. ಆಡಿಟ್‌ನವರು ಬಂದು ಫೈಲ್ ಎಲ್ಲಿ ಅಂದರೆ ಉತ್ತರ ಕೊಡಬೇಕಾದವರು ಅವರೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟು ಎಷ್ಟೋ ವರ್ಷವಾಯಿತು. ಆದರೂ ಕ್ಲರ್ಕಿಗೆ ಧೈರ್ಯ ಬರುವುದು ಪ್ರಿನ್ಸಿಪಾಲರ ಸಹಿ ಇರುವ ಸರ್ಕ್ಯುಲರಿನಿಂದ. ಯಾವ ಅರ್ಜಿಗೆ ಪ್ರಿಂಟ್ ಬೇಡ ಅನ್ನುವುದನ್ನು ಬರವಣಿಗೆಯಲ್ಲಿ ಕೊಡಿಸಿ. ಅದಿಲ್ಲದೆ ನೀವು ಎಷ್ಟು ಚೆನ್ನಾಗಿ ಮಾಡಿದರೂ ಪೇಪರ್ ಎರಡರಷ್ಟಾಗುತ್ತದೆ.

ಕೋಡ್ ಬರೆಯಲು ಕೂರುವ ಮುಂಚೆ ಒಂದು ವಾರ ಅವರ ಕೌಂಟರಿನಲ್ಲಿ ಕೂರು. ಅಡ್ಮಿಷನ್ ಸಮಯವಾದರೆ ಇನ್ನೂ ಒಳ್ಳೆಯದು. ಒಂದು ನೋಟ್ ಪುಸ್ತಕ ಇಟ್ಟುಕೊಂಡು, ಯಾವ ಮಗು ಯಾಕೆ ವಾಪಸ್ ಹೋಯಿತು ಅಂತ ಮಾತ್ರ ಬರೆದುಕೋ.

ಮುಂದಿನ ಭಾನುವಾರ ಆಗುವುದಾದರೆ ಗುಬ್ಬಿಗೆ ಬಾ. ಮೊದಲನೇ ಫಾರಂ ಅರೆಬರೆ ಆಗಿದ್ದರೂ ಪರವಾಗಿಲ್ಲ, ತಗೊಂಡು ಬಾ. ನಿಮ್ಮ ದೊಡ್ಡಮ್ಮನ ಹಳೇ ಫೋನ್ ಇಲ್ಲಿದೆ, ಗಾಜು ಮೂಲೆಯಿಂದ ಸೀಳಿದೆ. ಅವಳ ಕೈಯಲ್ಲೇ ತುಂಬಿಸೋಣ. ಎಲ್ಲಿ ಬೆರಳು ನಿಲ್ಲುತ್ತದೆ ಅಂತ ಇಬ್ಬರೂ ಪಕ್ಕ ಕೂತು ನೋಡೋಣ. ನಿಮ್ಮಮ್ಮನಿಗೆ ಎಳನೀರು ಕೀಳಿಸಿ ಇಟ್ಟಿರುತ್ತೇನೆ, ಬರುವಾಗ ಚೀಲ ಮರೆಯಬೇಡ.

ಇಂತಿ ನಿನ್ನ
ದೊಡ್ಡಪ್ಪ